ಕೆತ್ತನೆ ಮಾಡಿದ ಚರ್ಮಕ್ಕೆ ಆಂಟೀಕ್ ಬಣ್ಣ ಹಚ್ಚಿದಾಗ ಕಲೆ ಕಲೆಯಾಗುವುದೇಕೆ?

ತಪ್ಪು ಸಾಮಾನ್ಯವಾಗಿ ಆಂಟೀಕ್ ಪೇಸ್ಟಿನದಲ್ಲ (ಕೆತ್ತಿದ ಗೆರೆಗಳಲ್ಲಿ ನಿಂತು ಹಳೆಯ ಕಾಲದ ನೋಟ ಕೊಡುವ ಗಾಢ ಬಣ್ಣ ಇದು), ಅದರ ಕೆಳಗಿನ ಪದರದ್ದು. ಚರ್ಮ ಎಲ್ಲ ಕಡೆ ಒಂದೇ ಸಮನಾಗಿ ಹೀರುವುದಿಲ್ಲ. ಹೊಟ್ಟೆಯ ಭಾಗದ ಸಡಿಲ ಚರ್ಮ ಹೆಚ್ಚು ಕುಡಿಯುತ್ತದೆ, ಬೆನ್ನಿನ ಗಟ್ಟಿ ಚರ್ಮ ಕಡಿಮೆ. ಹಾಗಾಗಿ ಮೊದಲು ರೆಸಿಸ್ಟ್, ಅಂದರೆ ಬಣ್ಣ ಚರ್ಮದೊಳಗೆ ಇಳಿಯದಂತೆ ತಡೆಯುವ ಲೇಪ, ಹಚ್ಚಲೇಬೇಕು. ತೆಳುವಾಗಿ ಎರಡು ಕೋಟ್ ಕೊಡಿ. ಒಂದು ಪೂರ್ತಿ ಒಣಗಿದ ಮೇಲಷ್ಟೇ ಇನ್ನೊಂದು. ಇಲ್ಲಿ ಅವಸರ ಮಾಡಿದವರೇ ಹೆಚ್ಚು ಕೆಡಿಸಿಕೊಳ್ಳುವುದು.

ಆಮೇಲೆ ಪೇಸ್ಟನ್ನು ಧಾರಾಳವಾಗಿ ತೆಗೆದುಕೊಂಡು, ವೃತ್ತಾಕಾರವಾಗಿ ಉಜ್ಜುತ್ತಾ ಪ್ರತಿ ಗೆರೆಯೊಳಗೂ ತುಂಬಿಸಿ. ಇಡೀ ತುಂಡನ್ನು ಒಂದೇ ಸಲಕ್ಕೆ ಮುಗಿಸಿ. ಅರ್ಧಕ್ಕೆ ನಿಲ್ಲಿಸಿದರೆ ಆ ಅಂಚು ಒಣಗಿ ಗುರುತಾಗಿ ಉಳಿಯುತ್ತದೆ.

ಒರೆಸುವುದರಲ್ಲೇ ನಿಜವಾದ ಕೈಚಳಕವಿದೆ. ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದರೆ ಅದು ಗೆರೆಯೊಳಗೆ ಇಳಿದು ಅಲ್ಲಿನ ಬಣ್ಣವನ್ನೂ ಎತ್ತಿಕೊಂಡು ಬರುತ್ತದೆ. ಚಪ್ಪಟೆಯಾದ ಮರದ ತುಂಡಿಗೆ ಬಿಗಿಯಾಗಿ ಸುತ್ತಿ ಹಗುರವಾಗಿ ಎಳೆಯಿರಿ: ಎಲೆಯೊಂದನ್ನು ಕೆತ್ತಿದ್ದರೆ ಅದರ ಉಬ್ಬು ತಿಳಿಯಾಗುತ್ತದೆ, ನರಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಬಟ್ಟೆ ತುಂಬಿಕೊಂಡ ಕೂಡಲೇ ಮಡಿಕೆ ಬದಲಿಸಿ.

ಪೂರ್ತಿ ಒಣಗಿದ ಮೇಲೆ ಮೇಲ್ಲೇಪವನ್ನು ಒತ್ತದೆ ಸವರಿ. ಉಜ್ಜಿದರೆ ಆಂಟೀಕ್ ಮತ್ತೆ ಕದಡುತ್ತದೆ. ಇಷ್ಟನ್ನೂ ಮೊದಲು ಅದೇ ಚರ್ಮದ ಚೂರೊಂದರ ಮೇಲೆ, ಅದರಲ್ಲೂ ನಾಲ್ಕು ಗೆರೆ ಕೆತ್ತಿ, ಪರೀಕ್ಷಿಸಿ ನೋಡಿ.