ಕ್ವಾರಿ ನಡೆಸಿದ್ದು ಕಂಟ್ರಾಕ್ಟರ್, ಕೇಸ್ ನಮ್ಮ ಮೇಲೇಕೆ?

ನೀವು ಕೇಳಿದ್ದು ಇಷ್ಟು: ಕಲ್ಲು ಕ್ವಾರಿಯ ಲೀಸ್ ಅಪ್ಪನ ಹೆಸರಲ್ಲಿದೆ, ನಡೆಸಲು ಕಂಟ್ರಾಕ್ಟರಿಗೆ ಕೊಟ್ಟಿದ್ದರು. 2019ರಲ್ಲಿ ಬ್ಲಾಸ್ಟಿಂಗ್ ವೇಳೆ ಒಬ್ಬ ಕೆಲಸಗಾರ ತೀರಿಕೊಂಡ. 'ಏನಾದರೂ ಕಂಟ್ರಾಕ್ಟರೇ ಹೊಣೆ' ಎಂದು ಬಾಂಡ್ ಪೇಪರಿನಲ್ಲಿ ಬರೆಸಿಕೊಂಡಿದ್ದರೂ ಅಪ್ಪನ ಮೇಲೂ ಕೇಸ್ ಏಕೆ?

ಆ ಬಾಂಡ್ ಪೇಪರ್ ನಿಮ್ಮಿಬ್ಬರ ನಡುವಿನ ಲೆಕ್ಕಕ್ಕೆ ಮಾತ್ರ. ಆಗ ಜಾರಿಯಲ್ಲಿದ್ದ 1952ರ ಗಣಿ ಕಾಯ್ದೆ 'ಮಾಲೀಕ' ಯಾರು ಅಂತ ಹೇಳುವ ಜಾಗದಲ್ಲೇ ಇದನ್ನು ಬಗೆಹರಿಸಿದೆ. ಗಣಿ ನಡೆಸುವ ಕಂಟ್ರಾಕ್ಟರನ್ನೂ ಮಾಲೀಕನಂತೆಯೇ ನೋಡಬೇಕು, ಆದರೆ ಅದರಿಂದ ಮಾಲೀಕನ ಹೊಣೆ ತಪ್ಪುವುದಿಲ್ಲ. ಅಂದರೆ ಹೊಣೆ ಕೈ ಬದಲಾಗಲ್ಲ, ಇನ್ನೊಬ್ಬರು ಜೊತೆಗೆ ಸೇರಿಕೊಳ್ತಾರೆ ಅಷ್ಟೆ.

'ನಮ್ಮದು ಸಣ್ಣ ಕ್ವಾರಿ, ಈ ಕಾಯ್ದೆ ಬರಲ್ಲ' ಅಂತ ಯಾರಾದರೂ ಹೇಳಬಹುದು. ಕಟ್ಟಡದ ಕಲ್ಲಿಗೆ ವಿನಾಯಿತಿ ಇದ್ದದ್ದು ನಿಜ. ಆದರೆ ಆಳ 6 ಮೀಟರ್ ದಾಟಬಾರದು, ಕೆಲಸಗಾರರು 50 ಮೀರಬಾರದು, ಸಿಡಿಮದ್ದು ಬಳಸಲೇಬಾರದು. ನಿಮ್ಮಲ್ಲಿ ಬ್ಲಾಸ್ಟಿಂಗ್ ಆಗಿದೆಯಲ್ವಾ, ಅಲ್ಲಿಗೆ ಮುಗೀತು.

ನಾನು ಸಂಡೂರು ಕಡೆ ಗಣಿಯಲ್ಲಿ ಮೈನಿಂಗ್ ಮೇಟ್ (ಕೆಲಸಗಾರರ ಮೇಲ್ವಿಚಾರಕ) ಆಗಿದ್ದಾಗ ಬೆಂಚ್, ಅಂದರೆ ಮೆಟ್ಟಿಲಿನಂತೆ ಕಡಿದ ಹಂತ, ಕುಸಿದು ಡ್ರಿಲ್ ಆಪರೇಟರನ ಕಾಲು ಮುರಿಯಿತು. ಗಣಿ ಸುರಕ್ಷತೆ ನೋಡುವ ಡಿಜಿಎಂಎಸ್ ಅಧಿಕಾರಿ ಬಂದರು. ಮಾಲೀಕರ ಕಡೆಯವರು ಪ್ಲಾಸ್ಟಿಕ್ ಕವರಿನಿಂದ ಅಗ್ರಿಮೆಂಟ್ ತೆಗೆದು ಮೇಜಿನ ಮೇಲಿಟ್ಟರು. ಅಧಿಕಾರಿ ಅದನ್ನು ಮುಟ್ಟಲೂ ಇಲ್ಲ. 'ಮ್ಯಾನೇಜರ್ ನೇಮಕದ ಪತ್ರ ಕೊಡಿ' ಅಂದರು. ಅರ್ಹತೆ ಇರುವ ಮ್ಯಾನೇಜರನ್ನು ನೇಮಿಸುವುದು ಮಾಲೀಕ ಅಥವಾ ಅವನ ಏಜೆಂಟನ ಕೆಲಸ. ನಿಮ್ಮ ಅಪ್ಪನ ವಕೀಲರು ಮೊದಲು ಹುಡುಕಬೇಕಾದದ್ದೂ ಆ ಪತ್ರವನ್ನೇ.

ಪರಿಹಾರದ ಮಾತು ಬೇರೆ, ಅಲ್ಲಿ ಬಾಂಡ್ ಪೇಪರ್ ಸ್ವಲ್ಪ ಕೆಲಸಕ್ಕೆ ಬರುತ್ತೆ. ಆಗ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆ ಪ್ರಕಾರ ಸತ್ತವನ ಮನೆಯವರು ನೇರವಾಗಿ ನಿಮ್ಮಿಂದಲೇ ಹಣ ಕೇಳಬಹುದು. ಕಟ್ಟಿದ ಮೇಲೆ ನೀವು ಕಂಟ್ರಾಕ್ಟರಿಂದ ವಸೂಲಿ ಮಾಡಿಕೊಳ್ಳಬಹುದು. ಅವನು ಸಿಕ್ಕಿದರೆ!

ಇನ್ನೊಂದು. ಕ್ವಾರಿಯನ್ನು ಕಂಟ್ರಾಕ್ಟರಿಗೆ ಸರ್ಕಾರದ ಒಪ್ಪಿಗೆ ಪಡೆದೇ ಕೊಟ್ಟಿದ್ದಿರಾ? ಬಳ್ಳಾರಿಯ ಅದಿರು ಗಣಿಗಳಲ್ಲಿ 'ರೈಸಿಂಗ್ ಕಾಂಟ್ರಾಕ್ಟ್' (ಅದಿರು ತೆಗೆದುಕೊಡುವ ಗುತ್ತಿಗೆ) ಹೆಸರಲ್ಲಿ ಹೀಗೇ ಹಿಡಿತ ಕೈ ಬದಲಾಯಿಸಿದ್ದನ್ನು ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ನಿಯಮ ಉಲ್ಲಂಘನೆ ಎಂದಿತ್ತು. ಕಲ್ಲಿಗೆ ನಿಯಮಗಳು ಬೇರೆ. ನಿಮ್ಮ ಲೀಸ್ ಡೀಡಿನ ಷರತ್ತು ಓದಿ.

ಜಮೀನು ಮಾತ್ರ ನಿಮ್ಮದಾಗಿ, ಲೀಸ್ ಕಂಟ್ರಾಕ್ಟರ್ ಹೆಸರಲ್ಲಿದ್ದಿದ್ದರೆ ಕಥೆಯೇ ಬೇರೆ ಇತ್ತು. ಬರೀ ಬಾಡಿಗೆ ಪಡೆಯುವವನನ್ನು ಆ ಕಾಯ್ದೆ ಮಾಲೀಕ ಅನ್ನುವುದಿಲ್ಲ.