ಹೊನ್ನೆಲೆಯ ಹೋಸ್ಟಾ ಸಸಿಗಳು ಸತ್ತದ್ದೇಕೆ?

ಪ್ರಶ್ನೆ: ಕಳೆದ ವರ್ಷ ಜರ್ಮನಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಂಗಳದಲ್ಲಿದ್ದ ಎಲೆಯ ಅಂದಕ್ಕಾಗಿಯೇ ಬೆಳೆಸುವ ಹೋಸ್ಟಾ ಜಾತಿಯ, ಹೊಂಬಣ್ಣದ ಎಲೆಯ ಎರಡು ಗಿಡಗಳನ್ನು ಸಂಕರ ಮಾಡಿ ಬೀಜ ಕಟ್ಟಿಸಿದೆ. ಮಗಳು ಬಿತ್ತಿದಾಗ ಚೆನ್ನಾಗಿಯೇ ಮೊಳೆತವಂತೆ. ಆದರೆ ಸುಮಾರು ಕಾಲುಭಾಗ ಸಸಿಗಳು ಬಿಳಿಚಿಕೊಂಡು ಸತ್ತವು, ಕೆಲವು ಬರೀ ಹಸಿರಾದವು. ತಪ್ಪು ಎಲ್ಲಾಯಿತು? ಉಳಿದ ಬೀಜವನ್ನು ಇಲ್ಲಿ ಬೆಳೆಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಕೈಗುಣದಲ್ಲಾಗಲಿ ಮಗಳ ಆರೈಕೆಯಲ್ಲಾಗಲಿ ದೋಷವಿಲ್ಲ, ಎಡವಿದ್ದು ಜೋಡಿಯ ಆಯ್ಕೆಯಲ್ಲಿ. ಹೆಚ್ಚಿನ ಹೊನ್ನೆಲೆ ತಳಿಗಳು ಹೊಂಬಣ್ಣದ ವಂಶವಾಹಿಯನ್ನು ಒಂದು ಪಾಲು, ಹಸಿರಿನದನ್ನು ಇನ್ನೊಂದು ಪಾಲು ಹೊತ್ತಿರುತ್ತವೆ. ಅಂಥ ಎರಡನ್ನು ಕೂಡಿಸಿದರೆ ಕಾಲುಭಾಗ ಸಸಿಗಳಿಗೆ ಹೊಂಬಣ್ಣದ ಪಾಲು ಎರಡೂ ಕಡೆಯಿಂದ ಬಂದು, ಪತ್ರಹರಿತ್ತು ಸಾಲದೆ, ಬೀಜದೊಳಗಿನ ಆಹಾರ ಮುಗಿಯುತ್ತಲೇ ಅವು ಸಾಯುತ್ತವೆ. ಹೊನ್ನೆಲೆಗೆ ಹಸಿರು ಅಥವಾ ನೀಲಿ ಎಲೆಯ ಗಿಡವನ್ನು ಜೋಡಿಸಿದರೆ ಈ ನಷ್ಟವಿಲ್ಲ, ಸುಮಾರು ಅರ್ಧದಷ್ಟು ಸಸಿಗಳು ಹೊಂಬಣ್ಣದವೇ ಆಗುತ್ತವೆ. ‘ಆಗಸ್ಟ್ ಮೂನ್’ ಎಂಬ ಹೊನ್ನೆಲೆ ತಳಿಗೆ ದಪ್ಪ ಎಲೆಯ, ಮೇಣದ ಪುಡಿಯಿಂದ ನೀಲಿಯಾಗಿ ಕಾಣುವ ಸೀಬೋಲ್ಡಿಯಾನಾ ಎಂಬ ಹೋಸ್ಟಾವನ್ನು ಜೋಡಿಸುವುದು ನನ್ನ ಸಲಹೆ. ಬಣ್ಣದ ಜೊತೆಗೆ ಎಲೆಗೆ ಗಟ್ಟಿತನವೂ ಬಂದೀತು.

ಈ ಬಣ್ಣದ ವಂಶವಾಹಿ ಕೋಶಕೇಂದ್ರದಲ್ಲಿರುವುದರಿಂದ ಹೊನ್ನೆಲೆಯ ಗಿಡ ತಾಯಿಯಾದರೂ ತಂದೆಯಾದರೂ ಒಂದೇ. ಎಲೆಯ ಮೇಲಿನ ಗೀರುಗೀರು ಬಣ್ಣದ ಮಾತು ಬೇರೆ: ಅದು ಕ್ಲೋರೋಪ್ಲಾಸ್ಟ್ (ಎಲೆಯ ಕೋಶಗಳಲ್ಲಿ ಪತ್ರಹರಿತ್ತು ಇರುವ ಕಣ) ಮೂಲಕ ಬರುವುದರಿಂದ ತಾಯಿಗಿಡದಿಂದಲೇ ಸಿಗಬೇಕು.

ಮಳೆಗಾಲದಲ್ಲಿ ಜೇನುಹುಳ ಬಾರದಿದ್ದಾಗ ಸಿಹಿಕುಂಬಳದ ಹೆಣ್ಣುಹೂವಿಗೆ ಗಂಡುಹೂವನ್ನು ಮುಟ್ಟಿಸುವುದು ನಮ್ಮಲ್ಲಿ ರೂಢಿಯಷ್ಟೆ? ಇಲ್ಲಿಯೂ ಕೆಲಸ ಅದೇ, ಆದರೆ ಹೋಸ್ಟಾದ ಒಂದೇ ಹೂವಿನಲ್ಲಿ ಪರಾಗ ಬಿಡುವ ಆರು ಕೇಸರಗಳೂ ಪರಾಗ ಹಿಡಿಯುವ ಹೆಣ್ಣುಕಡ್ಡಿಯಾದ ಶಲಾಕೆಯೂ ಇರುತ್ತವೆ, ಹೂವು ಬಾಳುವುದೂ ಒಂದೇ ದಿನ. ಆದ್ದರಿಂದ ಮರುದಿನ ಅರಳಲಿರುವ ಉಬ್ಬಿದ ಮೊಗ್ಗಿನ ದಳಗಳನ್ನೂ ಕೇಸರಗಳನ್ನೂ ಹಿಂದಿನ ಸಂಜೆಯೇ ಚಿವುಟಿ ತೆಗೆದು, ತುದಿಯಲ್ಲಿ ಮೇಲಕ್ಕೆ ಬಾಗಿದ ಶಲಾಕೆಯೊಂದನ್ನೇ ಉಳಿಸಿ, ಮುಂಜಾನೆ ಅದರ ತುದಿಗೆ ಇನ್ನೊಂದು ಗಿಡದ ಪರಾಗವನ್ನು ಸವರಬೇಕು. ತೊಟ್ಟಿಗೆ ಜೋಡಿಯ ಹೆಸರು ಬರೆದ ಚೀಟಿ ಕಟ್ಟುವುದನ್ನು ದಯವಿಟ್ಟು ಮರೆಯಬೇಡಿ. ರೆಕ್ಕೆಯಿರುವ ಕಪ್ಪು ಬೀಜದ ಒಂದು ತುದಿಯಲ್ಲಿ ಬೆರಳಿಗೆ ಸಣ್ಣ ಉಬ್ಬು ಸಿಕ್ಕರೆ ಅದು ಗಟ್ಟಿ, ಸಿಗದಿದ್ದರೆ ಜೊಳ್ಳು. ಸಸಿಗಳಿಗೆ ನಾಲ್ಕೈದು ಎಲೆ ಮೂಡುವ ಮೊದಲು ಹಸಿರೆಂದು ಯಾವುದನ್ನೂ ಕಿತ್ತೆಸೆಯಬಾರದು, ಏಕೆಂದರೆ ಹಸಿರಾಗಿ ಹುಟ್ಟಿ ನಿಧಾನವಾಗಿ ಹೊಂಬಣ್ಣಕ್ಕೆ ತಿರುಗುವವೂ ಇವೆ.

ಉಡುಪಿಯಲ್ಲಿ ಮಾತ್ರ ಬೇಡವೆನ್ನುತ್ತೇನೆ. ಜಪಾನ್, ಕೊರಿಯಾ, ಚೀನಾ ಮೂಲದ ಈ ಗಿಡ ಚಳಿಗಾಲದಲ್ಲಿ ಎಲೆಯುದುರಿಸಿ, ಕೆಲವು ವಾರಗಳ ಕಾಲ ಹಿಮದ ಸಮೀಪದ ಚಳಿಯಲ್ಲಿ ಮಲಗಿದರಷ್ಟೇ ಮುಂದಿನ ವರ್ಷ ಬಲವಾಗಿ ಚಿಗುರುತ್ತದೆ. ನಮ್ಮ ಕರಾವಳಿಯ ಮಾಗಿಯಲ್ಲಿ ಆ ಚಳಿಯೆಲ್ಲಿ ಬರಬೇಕು? ಬೀಜ ಇಲ್ಲಿಯೂ ಮೊಳೆತೀತು, ಗಿಡ ವರ್ಷದಿಂದ ವರ್ಷಕ್ಕೆ ಸೊರಗೀತು. ಮೇಲಾಗಿ ವಿದೇಶದ ಬೀಜ ತರಲು 2003ರ ಸಸ್ಯ ಸಂಗರೋಧ ಆದೇಶದ ಕಟ್ಟುಪಾಡುಗಳಿವೆ. ಇಲ್ಲಿನ ಅಂಗಳದಲ್ಲಿ ಇದೇ ಕೆಲಸವನ್ನು ಕ್ರೋಟನ್ ಗಿಡದಲ್ಲಿ ಮಾಡಿನೋಡಿ: ಅದರ ಗಂಡು, ಹೆಣ್ಣು ಹೂಗಳು ಬೇರೆಬೇರೆ ಗೊಂಚಲಿನಲ್ಲಿರುವುದರಿಂದ ಕೇಸರ ಕೀಳುವ ತಾಪತ್ರಯವಿಲ್ಲ, ಬೀಜದಿಂದ ಎದ್ದ ಸಸಿಗಳಲ್ಲಿ ಒಂದರ ಬಣ್ಣ ಇನ್ನೊಂದಕ್ಕಿರುವುದೂ ಅಪರೂಪ.