ಅಮಾವಾಸ್ಯೆ ರಾತ್ರಿ ರಾಕ್ಷಸನಿಗೆ ಏನಾಗುತ್ತದೆ

"ಮೇಡಂ, ನನ್ನ ಮಗಳು ಮೊಬೈಲಿನಲ್ಲಿ ಒಬ್ಬ ರಾಕ್ಷಸನ ಜೊತೆ ಸಂಸಾರ ಮಾಡ್ತಾ ಇದ್ದಾಳೆ" ಎಂದರು ಆಪ್ತಸಲಹೆಗೆ ನನ್ನ ಹತ್ತಿರ ಬಂದ ತಾಯಿ. ನನಗೆ ನಗು ಬಂತು, ತಡೆದುಕೊಂಡೆ. ಅವರು ರಾತ್ರಿಯಿಡೀ ಅತ್ತು ಬಂದವರ ಹಾಗಿದ್ದರು.

ಮಗಳನ್ನು ಇಲ್ಲಿ ಚೈತ್ರಾ ಎಂದು ಕರೆಯುತ್ತೇನೆ. ಹೆಸರು, ಕೆಲಸ, ಮನೆಯ ವಿವರ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ. ವಯಸ್ಸು 26, ಕರಾವಳಿಯವಳು, ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ. ಒಂದು ವರ್ಷದಲ್ಲಿ ನಾಲ್ಕು ಸಂಬಂಧ ಬೇಡ ಎಂದಿದ್ದಳು. ಕಾರಣ ಕೇಳಿದರೆ ಮಾತಿಲ್ಲ. ರಾತ್ರಿ ಊಟವಾದ ಮೇಲೆ ಫೋನ್ ಹಿಡಿದು ಕೂತರೆ ಒಂದು ಗಂಟೆ ಬರೆಯುತ್ತಾಳೆ. ತಾಯಿ ಒಂದು ದಿನ ಕದ್ದು ಓದಿದರು. ಓದಿ ಗಾಬರಿಯಾದರು.

ಅದು ಒಂದು ಕಥೆ. ಇಬ್ಬರು ಸರದಿಯಂತೆ ಬರೆಯುವ ಕಥೆ. ಒಂದು ಹೊಳೆ, ಈಚೆ ದಡದಲ್ಲಿ ಮನುಷ್ಯರು, ಆಚೆ ದಡದಲ್ಲಿ ರಾಕ್ಷಸರು. ದಾಟುವ ಹಾಗಿಲ್ಲ, ಎರಡೂ ಕಡೆ ಶಿಕ್ಷೆ ಉಂಟು. ದೋಣಿ ನಡೆಸುವ ಹುಡುಗಿಯೊಬ್ಬಳು ದಾಟುತ್ತಾಳೆ. ರಾಕ್ಷಸ ಅವಳನ್ನು ಮುಟ್ಟುವುದಿಲ್ಲ, ಮುಟ್ಟಿದರೆ ಅವಳು ಸುಟ್ಟುಹೋಗುತ್ತಾಳೆ ಎಂದು ಅವನ ನಂಬಿಕೆ. ಪ್ರತಿ ಅಮಾವಾಸ್ಯೆ ರಾತ್ರಿ ಅವನು ಕಾಣೆಯಾಗುತ್ತಾನೆ. ಯಾಕೆ ಎಂದು ಹೇಳುವುದಿಲ್ಲ. ಹೀಗೇ ಎರಡೂವರೆ ವರ್ಷ ನಡೆದಿತ್ತು. ಜೊತೆಗೆ ಬರೆಯುವವರನ್ನು ಚೈತ್ರಾ ನೋಡಿಯೇ ಇಲ್ಲ. ಗಂಡೋ ಹೆಣ್ಣೋ ಅದೂ ಗೊತ್ತಿಲ್ಲ.

ಇಂಥ ಕಥೆ ಬರೆಯುವವರು ಈಗ ನನ್ನ ಹತ್ತಿರ ಜಾಸ್ತಿ ಬರುತ್ತಾರೆ. ಬರುತ್ತಾರೆ ಎನ್ನುವುದಕ್ಕಿಂತ, ಮನೆಯವರು ಕರೆತರುತ್ತಾರೆ. ಪಾತ್ರದ ನೋವು ಬರೆಯುವವರಿಗೆ ಅಂಟುವುದು, ಬರೆಯುವವರ ನೋವು ಪಾತ್ರಕ್ಕೆ ಸೋರುವುದು, ಇದಕ್ಕೆ ಪಾತ್ರವಹಿಸಿ ಆಡುವ ಗುಂಪುಗಳಲ್ಲಿ 'ಬ್ಲೀಡ್' ಎನ್ನುತ್ತಾರೆ. ಕಾಯಿಲೆಯ ಹೆಸರಲ್ಲ ಅದು. ನಾನು ಮೊದಲು ನೋಡುವುದು ಇಷ್ಟೇ: ನಿದ್ದೆ ಆಗುತ್ತಿದೆಯಾ, ಊಟ ಸೇರುತ್ತಿದೆಯಾ, ಕೆಲಸಕ್ಕೆ ಹೋಗುತ್ತಿದ್ದಾರಾ, ಕಥೆ ಕಥೆಯೇ ಎಂಬ ಅರಿವು ಇದೆಯಾ. ಚೈತ್ರಾಳಿಗೆ ಎಲ್ಲವೂ ಸರಿಯಿತ್ತು. ನನಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು.

ಹಾಗಾಗಿ ನಾನು ಸುಲಭದ ದಾರಿ ಹಿಡಿದೆ. ಕಥೆಯ ರಾಕ್ಷಸನ ಪ್ರೀತಿಯ ಎದುರು ನೋಡಲು ಬಂದ ಗಂಡುಗಳು ಸಪ್ಪೆ ಎನಿಸಿರಬೇಕು ಎಂದುಕೊಂಡೆ. ಎರಡು ಭೇಟಿ ಇದೇ ದಾರಿಯಲ್ಲಿ ಹೋಯಿತು. ಅವಳು ವಿನಯದಿಂದ ಕೇಳಿಸಿಕೊಂಡಳು. ವಿನಯದಿಂದ ಕೇಳಿಸಿಕೊಳ್ಳುವವರು ನಮ್ಮ ವೃತ್ತಿಯಲ್ಲಿ ಬಹಳ ಮೋಸ.

ಮೂರನೇ ಭೇಟಿಯಲ್ಲಿ ಕೇಳಿದೆ: "ಆ ದೋಣಿಯ ಹುಡುಗಿಗೆ ತನ್ನ ದಡದ ಮನುಷ್ಯರು ಯಾಕೆ ಬೇಡವಾದರು?"

"ಅದು ನನಗೆ ಹೇಗೆ ಗೊತ್ತು ಮೇಡಂ?" ಎಂದಳು.

"ನೀನೇ ಅಲ್ವಾ ಬರೆಯೋದು?"

"ಹುಡುಗಿಯನ್ನ ನಾನು ಬರೆಯೋದಲ್ಲ. ಅದು ಆ ಕಡೆಯವರು. ನಾನು ರಾಕ್ಷಸ."

ಎರಡು ಭೇಟಿ, ಹೆಚ್ಚುಕಡಿಮೆ ಎರಡು ಗಂಟೆ ಮಾತು. ನೀನು ಯಾರ ಭಾಗ ಬರೆಯುತ್ತೀಯಾ ಎಂಬ ಒಂದು ಪ್ರಶ್ನೆ ನಾನು ಕೇಳಿರಲಿಲ್ಲ. ಹೆಣ್ಣುಮಗಳು ಎಂದಮೇಲೆ ಹೆಣ್ಣಿನ ಪಾತ್ರವೇ ಎಂದುಕೊಂಡಿದ್ದೆ. ತಾಯಿಯೂ ಹಾಗೇ ಅಂದುಕೊಂಡಿದ್ದರು, ಆದರೆ ಅವರು ಫೀಸು ತೆಗೆದುಕೊಂಡಿರಲಿಲ್ಲ.

"ಸರಿ. ಅಮಾವಾಸ್ಯೆ ರಾತ್ರಿ ಅವನಿಗೆ ಏನಾಗುತ್ತೆ?"

ಅವಳು ಬಾಗಿಲ ಕಡೆ ನೋಡಿದಳು. ಹೊರಗೆ ತಾಯಿ ಕೂತಿದ್ದರು.

"ಬಿದ್ದುಬಿಡ್ತಾನೆ" ಎಂದಳು. "ಕೈಕಾಲು ಸೆಟೆದುಕೊಳ್ಳುತ್ತೆ. ಬಾಯಲ್ಲಿ ನೊರೆ. ಎದ್ದ ಮೇಲೆ ಏನೂ ನೆನಪಿರಲ್ಲ. ಅವಳು ನೋಡಿದ್ರೆ ಆಮೇಲೆ ಬರಲ್ಲ."

ಚೈತ್ರಾಳಿಗೆ 11ನೇ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಬಂದಿತ್ತು. ಮನೆಯವರು ಗಾಳಿ ಸೋಕಿದೆ ಎಂದು ತಿಳಿದು ಗಾಳಿ ಬಿಡಿಸುವವನ ಹತ್ತಿರ ಕರೆದೊಯ್ದರು. ಆತ ಬೇವಿನ ಸೊಪ್ಪಿನಿಂದ ಹೊಡೆದು, ಹೊಗೆ ಹಾಕಿ, "ಒಳಗಿರುವುದು ದೊಡ್ಡದು, ಬೇಗ ಹೋಗುವುದಲ್ಲ" ಎಂದನಂತೆ. ಮುಂದಿನ ವರ್ಷ ಶಾಲೆಯ ಟೀಚರೊಬ್ಬರು ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕಳಿಸಿದರು. ಮಾತ್ರೆ ಶುರುವಾಯಿತು. ನಾನು ನೋಡುವ ಹೊತ್ತಿಗೆ ಮೂರು ವರ್ಷದಿಂದ ಫಿಟ್ಸ್ ಬಂದೇ ಇರಲಿಲ್ಲ. ತಾಯಿ ಇದ್ಯಾವುದನ್ನೂ ನನಗೆ ಹೇಳಿರಲಿಲ್ಲ. "ಅದಕ್ಕೂ ಇದಕ್ಕೂ ಏನು ಸಂಬಂಧ" ಎಂದರು ಆಮೇಲೆ.

ಚಿಕ್ಕವಳಿದ್ದಾಗ ಅಜ್ಜ ಅವಳನ್ನು ಆಟಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಯಕ್ಷಗಾನದ ಆಟ. ಬೇರೆ ಮಕ್ಕಳು ಬಣ್ಣದ ವೇಷ ಬಂದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಇವಳಿಗೆ ಅದೇ ಬೇಕು. ಮುಖದ ತುಂಬ ಚಿಟ್ಟಿ (ಅಕ್ಕಿ ಹಿಟ್ಟಿನ ಚುಕ್ಕೆ) ಇಟ್ಟುಕೊಂಡು, ತೆರೆಯ ಹಿಂದಿನಿಂದ ಆರ್ಭಟ ಕೊಟ್ಟು ಬರುವ ರಾಕ್ಷಸ. "ಆಟ ಮುಗಿದ ಮೇಲೆ ಚೌಕಿಗೆ, ಬಣ್ಣ ಹಚ್ಚೋ ಜಾಗಕ್ಕೆ, ಹೋದ್ರೆ ಅದೇ ರಾಕ್ಷಸ ಬಣ್ಣ ತೆಗೆದು ಬೀಡಿ ಸೇದ್ತಾ ಕೂತಿರ್ತಿದ್ದ ಮೇಡಂ. ನನಗೆ ಅದು ಬಹಳ ಇಷ್ಟ" ಎಂದಳು. ಒಳಗೆ ಏನೋ ಇದೆ ಎಂದು ಊರಿನವರಿಂದ ಹೇಳಿಸಿಕೊಂಡ ಹುಡುಗಿಗೆ ಬಣ್ಣ ತೆಗೆಯಲು ಬರುವ ರಾಕ್ಷಸ ಇಷ್ಟವಾಗಿದ್ದು ನನಗೆ ಅರ್ಥವಾಯಿತು.

ಈಗ ಮದುವೆಯ ವಿಷಯ. ಮನೆಯವರ ತೀರ್ಮಾನ: ಗಂಡಿನ ಕಡೆಗೆ ಹೇಳುವುದು ಬೇಡ. ಮೂರು ವರ್ಷದಿಂದ ಬಂದಿಲ್ಲವಲ್ಲ, ಮದುವೆಯಾದ ಮೇಲೆ ನೋಡಿಕೊಂಡರಾಯಿತು. ಚೈತ್ರಾಳಿಗೆ ಮುಚ್ಚಿಡಲೂ ಆಗದು, ಹೇಳಲೂ ಆಗದು. ಅದಕ್ಕೇ ನಾಲ್ಕೂ ಸಂಬಂಧ ಬೇಡ ಎಂದಿದ್ದಳು.

ನಾನು ಮದುವೆಗೆ ಮೊದಲು ಹೇಳಬೇಕು ಎನ್ನುವ ಕಡೆಯವಳು. ಹೇಳಲು ಹಿಡಿಂಬೆಯ ಕಥೆ ತೆಗೆದೆ. ಮಹಾಭಾರತದ ಆದಿಪರ್ವದಲ್ಲಿ ಹಿಡಿಂಬೆ ಸುಂದರಿಯ ರೂಪ ಹೊತ್ತು ಭೀಮನ ಮುಂದೆ ಬರುತ್ತಾಳೆ ನಿಜ. ಆದರೆ ಬಂದವಳೇ ತಾನು ಯಾರು, ಅಣ್ಣ ತನ್ನನ್ನು ಯಾಕೆ ಕಳಿಸಿದ ಎಂದು ಎಲ್ಲ ಹೇಳಿಬಿಡುತ್ತಾಳೆ. ಕುಂತಿ ಎದ್ದು ಕೇಳಿದಾಗಲೂ ಮುಚ್ಚಿಡುವುದಿಲ್ಲ. ಧರ್ಮರಾಯ ಷರತ್ತು ಹಾಕಿದ: ಹಗಲು ಭೀಮ ನಿನ್ನ ಜೊತೆ, ಸಂಜೆಗೆ ವಾಪಸ್ ತಂದುಬಿಡಬೇಕು. ಚಂದದ ಷರತ್ತಲ್ಲ, ಆದರೆ ಎಲ್ಲರ ಎದುರು ಆಡಿದ ಮಾತು. ಇವತ್ತಿಗೂ ಮನಾಲಿಯಲ್ಲಿ 1553ರಲ್ಲಿ ಕಟ್ಟಿದ ಅವಳ ದೇವಸ್ಥಾನ ಇದೆ. ನಮ್ಮ ಚಿತ್ರದುರ್ಗದ ಕೋಟೆಯಲ್ಲೇ ಹಿಡಿಂಬೇಶ್ವರ ಗುಡಿ ಇದೆ. ರಾಕ್ಷಸಿಯನ್ನು ಸೊಸೆ ಮಾಡಿಕೊಂಡ ಮನೆಯ ಕಥೆ ನಮ್ಮಲ್ಲೇ ಇದೆಯಲ್ಲ ಎಂದು ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ.

ಚೈತ್ರಾ ಕೇಳಿಸಿಕೊಂಡು ಹೇಳಿದಳು: "ಶೂರ್ಪನಖಿಯೂ ನಿಜವನ್ನೇ ಹೇಳಿದ್ದಳು ಮೇಡಂ. ಮೂಗು ಹೋಯ್ತು."

ಹೌದಲ್ಲ. ಆಟದಲ್ಲಿ ಸುಂದರಿಯ ವೇಷದ ಮಾಯಾ ಶೂರ್ಪನಖಿ ಬಂದರೂ, ವಾಲ್ಮೀಕಿಯಲ್ಲಿ ಅವಳು ರಾಮನ ಮುಂದೆ ತಾನು ರಾಕ್ಷಸಿ, ರಾವಣನ ತಂಗಿ ಎಂದು ನೇರವಾಗಿ ಹೇಳುತ್ತಾಳೆ. ಹಿಡಿಂಬೆಯೂ ಹೇಳಿದಳು, ಇವಳೂ ಹೇಳಿದಳು. ಒಬ್ಬಳಿಗೆ ಗಂಡ ಸಿಕ್ಕಿದ, ಇನ್ನೊಬ್ಬಳಿಗೆ ಕತ್ತಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಒಪ್ಪಿಕೊಂಡೆ. ನಿಜ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಅವತ್ತಿನಿಂದ ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಕಥೆ ಬಿಟ್ಟು ಬೇರೆ ಪ್ರಶ್ನೆ ಕೇಳಿದೆ. "ಮದುವೆಯಾಗಿ ಗಂಡನ ಮನೆಗೆ ಹೋದೆ ಅಂತಿಟ್ಟುಕೋ. ಮಾತ್ರೆ ಎಲ್ಲಿ ಇಡ್ತೀಯಾ?"

ಅವಳು ಯೋಚಿಸಿದಳು. ಬೀರುವಿನಲ್ಲಿ ಎಂದಳು. ಬೀರು ಇಬ್ಬರದ್ದು ಎಂದು ತಾನೇ ಹೇಳಿದಳು. ಬ್ಯಾಗಿನಲ್ಲಿ ಎಂದಳು. ಬೆಳಗ್ಗೆ ಒಂದು, ರಾತ್ರಿ ಒಂದು. ರಾತ್ರಿಯದ್ದನ್ನು ಯಾವಾಗ ನುಂಗುವುದು? ಬಚ್ಚಲಿಗೆ ಹೋಗಿ. ನೆಂಟರ ಮನೆಗೆ ಹೋಗಿ ಅಲ್ಲೇ ಉಳಿಯಬೇಕಾದರೆ? ಖಾಲಿಯಾದರೆ ತರುವವರು ಯಾರು? ಮಾತ್ರೆ ನೋಡಿ ಏನಿದು ಎಂದು ಅತ್ತೆ ಕೇಳಿದರೆ? ತುಂಬ ಹೊತ್ತಾದ ಮೇಲೆ ಮೆಲ್ಲಗೆ ಹೇಳಿದಳು: "ಕೆಲವು ದಿನ ತಪ್ಪಿಹೋಗುತ್ತೆ."

ನಾನು ಈ ಬರಹ ಬರೆಯುತ್ತಿರುವುದು ಈ ಮಾತಿಗಾಗಿ. ಮುಚ್ಚಿಟ್ಟು ಮದುವೆಯಾದ ಹೆಣ್ಣುಮಕ್ಕಳನ್ನು ನಾನು ನೋಡಿದ್ದೇನೆ. ಅಕ್ಕಿ ಡಬ್ಬಿಯಲ್ಲಿ, ಪ್ಯಾಡಿನ ಪೊಟ್ಟಣದಲ್ಲಿ, ದೇವರ ಫೋಟೋ ಹಿಂದೆ ಮಾತ್ರೆ ಬಚ್ಚಿಟ್ಟವರು. ಫಿಟ್ಸ್ ಹತೋಟಿಯಲ್ಲಿದ್ದವರಿಗೆ ಮತ್ತೆ ಬರಲು ದೊಡ್ಡ ಕಾರಣಗಳಲ್ಲಿ ಒಂದು ಮಾತ್ರೆ ತಪ್ಪಿಸುವುದು, ಇನ್ನೊಂದು ನಿದ್ದೆಗೆಡುವುದು. ಮದುವೆಮನೆಯಲ್ಲಿ ಎರಡೂ ಒಟ್ಟಿಗೆ ಆಗುತ್ತವೆ. ಒಮ್ಮೆಲೇ ನಿಲ್ಲಿಸಿಬಿಟ್ಟರೆ ನಿಲ್ಲದೆ ಬರುವ ಫಿಟ್ಸ್ ಆಗಿ ಜೀವಕ್ಕೇ ಅಪಾಯ. ಗರ್ಭಿಣಿಯಾಗುವ ಮೊದಲೇ ನ್ಯೂರಾಲಜಿಸ್ಟ್ ಹತ್ತಿರ ಮಾತಾಡಬೇಕು, ಯಾಕೆಂದರೆ ವಾಲ್ಪ್ರೊಯೇಟ್‌ನಂಥ ಕೆಲವು ಔಷಧಿಗಳಿಂದ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ಮೊದಲೇ ನೋಡಿಕೊಂಡರೆ ಹೆಚ್ಚಿನವರಿಗೆ ಆರೋಗ್ಯವಂತ ಮಕ್ಕಳೇ ಆಗುತ್ತವೆ. ಗಂಡನಿಗೇ ಗೊತ್ತಿಲ್ಲದಿದ್ದರೆ ಈ ಮಾತು ಯಾರ ಜೊತೆ ಆಡುವುದು? ನಾನು ಹೇಳಿಬಿಡು ಎನ್ನುವುದು ಸತ್ಯದ ಮೇಲಿನ ಭಕ್ತಿಯಿಂದಲ್ಲ. ಮಾತ್ರೆ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು ಎಂದು.

ತಾಯಿಯನ್ನು ಒಳಗೆ ಕರೆದೆವು. ಅವರ ಮಾತು ನೇರ. "ಹೇಳಿದ್ರೆ ಯಾರು ಆಗ್ತಾರೆ ಮೇಡಂ? ಇವಳೊಬ್ಬಳೇ ಅಲ್ಲ, ಹಿಂದೆ ತಂಗಿ ಉಂಟು." ಆಮೇಲೆ, ಫಿಟ್ಸ್ ಇದ್ದರೆ ಮದುವೆಯೇ ಕಾನೂನಿನಲ್ಲಿ ನಿಲ್ಲುವುದಿಲ್ಲವಂತೆ, ಗೊತ್ತಾದರೆ ಬಿಟ್ಟುಬಿಡಬಹುದಂತೆ ಎಂದರು. ಇದು ಅರ್ಧ ಹಳೆಯ ಸುದ್ದಿ. 1976ರ ತಿದ್ದುಪಡಿಯಲ್ಲಿ ಹಿಂದೂ ವಿವಾಹ ಕಾಯ್ದೆಗೆ ಅಪಸ್ಮಾರದ, ಅಂದರೆ ಫಿಟ್ಸ್‌ನ, ಮಾತು ಸೇರಿತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು. ಈಗ ಫಿಟ್ಸ್ ಇದೆ ಎನ್ನುವುದು ಮದುವೆಗೆ ಅಡ್ಡಿಯಲ್ಲ. ಆದರೆ ಮುಖ್ಯ ವಿಷಯ ಮುಚ್ಚಿಟ್ಟು ಮೋಸ ಮಾಡಿದರು ಎಂದು ಕೋರ್ಟಿಗೆ ಹೋಗುವ ದಾರಿ ಕಾಯ್ದೆಯಲ್ಲಿ ಇನ್ನೂ ಇದೆ. ಅಂದರೆ ಅವರು ಮಗಳನ್ನು ಕಾಪಾಡಲು ಹಿಡಿದ ದಾರಿಯೇ ಮಗಳ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ಅವರು ನನ್ನ ಮೇಲೆ ರೇಗಿದರು. ಮಗಳ ಮದುವೆ ಮಾಡಬೇಕಾದವರು ನೀವಲ್ಲವಲ್ಲ ಎಂದರು. ಸರಿಯಾದ ಮಾತು. ಸಲಹೆ ಕೊಡುವವರಿಗೆ ಬೆಲೆ ತೆರುವ ಕಷ್ಟ ಇರುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರೂ ಇದನ್ನೇ ಹೇಳಿದರು: ಮನೆಯವರ ನಿರ್ಧಾರದಲ್ಲಿ ನೀನು ಕೈ ಹಾಕಿದೆ ಎಂದು. ನಾನು ಹಾಕಿದ್ದು ಹೌದು. ಆಪ್ತಸಲಹೆಯಲ್ಲಿ ಇದು ಸರಿ, ಇದು ತಪ್ಪು ಎಂದು ಹೇಳಬಾರದು ಎಂಬ ಪಾಠ ನನಗೂ ಗೊತ್ತು. ಆದರೆ ಎದುರು ಕೂತವಳು ಕೆಲವು ದಿನ ಮಾತ್ರೆ ತಪ್ಪಿಹೋಗುತ್ತದೆ ಎಂದ ಮೇಲೆ ತಟಸ್ಥವಾಗಿ ತಲೆಯಾಡಿಸಿಕೊಂಡು ಕೂರಲು ನನ್ನಿಂದ ಆಗುವುದಿಲ್ಲ.

ಕೊಟ್ಟ ಸಲಹೆ ಹೀಗಿತ್ತು. ಮೊದಲ ಭೇಟಿಯಲ್ಲೇ, ಉಪ್ಪಿಟ್ಟಿನ ತಟ್ಟೆಯ ಮುಂದೆ ಹೇಳಬೇಕಾಗಿಲ್ಲ. ಎರಡೂ ಕಡೆ ಇಷ್ಟವಾಗಿದೆ ಎಂದಾದ ಮೇಲೆ, ನಿಶ್ಚಿತಾರ್ಥಕ್ಕೆ ಮುಂಚೆ, ಬ್ರೋಕರ್ ಮೂಲಕ ಅಲ್ಲದೆ ಅವಳೇ ಹುಡುಗನಿಗೆ ಹೇಳಬೇಕು. ತಲೆ ತಗ್ಗಿಸಿ ತಪ್ಪೊಪ್ಪಿಗೆಯ ಹಾಗಲ್ಲ. ನನಗೆ ಫಿಟ್ಸ್ ಇದೆ, ಈ ಮಾತ್ರೆ ತೆಗೆದುಕೊಳ್ಳುತ್ತೇನೆ, ಮೂರು ವರ್ಷದಿಂದ ಬಂದಿಲ್ಲ, ಬಂದರೆ ನೀವು ಇಷ್ಟು ಮಾಡಬೇಕು. ಸರಿಯಾದ ಚಿಕಿತ್ಸೆ ಸಿಕ್ಕರೆ ಫಿಟ್ಸ್ ಇರುವ ನೂರರಲ್ಲಿ ಸುಮಾರು 70 ಜನ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೇಕಿದ್ದರೆ ಅದನ್ನೂ ಹೇಳಲಿ, ಬೇಕಿದ್ದರೆ ಡಾಕ್ಟರ ಹತ್ತಿರ ಅವನನ್ನೇ ಕರೆದೊಯ್ಯಲಿ.

ಕಥೆ ಬರೆಯುವುದನ್ನು ನಿಲ್ಲಿಸಲು ಹೇಳಿ ಎಂದು ತಾಯಿ ಕೇಳಿದ್ದರು. ಅದಕ್ಕೆ ನಾನು ಒಪ್ಪಲಿಲ್ಲ. 15 ವರ್ಷದಲ್ಲಿ ಅವಳು ಇದನ್ನು ಹೇಳಿಕೊಳ್ಳಲು ಸಿಕ್ಕಿದ ಒಂದೇ ಜಾಗ ಅದು. ಬದಲಿಗೆ, ಅಮಾವಾಸ್ಯೆಯ ಅಧ್ಯಾಯ ಬರಿ ಎಂದೆ.

ಬರೆದಳು. ಎರಡು ವಾರ ತೆಗೆದುಕೊಂಡಳು. ರಾಕ್ಷಸ ಈ ಸಲ ಕಾಣೆಯಾಗಲಿಲ್ಲ, ಹುಡುಗಿಯನ್ನು ಕೂರಿಸಿಕೊಂಡು ತನಗೇನಾಗುತ್ತದೆ ಎಂದು ಹೇಳಿದ. ಕಳಿಸಿದ ಮೇಲೆ ಆ ಕಡೆಯಿಂದ ನಾಲ್ಕು ದಿನ ಉತ್ತರ ಇಲ್ಲ. ಆ ನಾಲ್ಕು ದಿನ ಅವಳು ನನಗೆ ಮೂರು ಸಲ ಫೋನ್ ಮಾಡಿದಳು. ಐದನೇ ದಿನ ಬಂತು. ದೋಣಿಯ ಹುಡುಗಿ ಅಳಲಿಲ್ಲ, ತಬ್ಬಿಕೊಳ್ಳಲಿಲ್ಲ. "ಎಷ್ಟು ಹೊತ್ತು ಇರುತ್ತೆ?" ಎಂದು ಕೇಳಿದಳು.

"ಇಷ್ಟು ವರ್ಷದಲ್ಲಿ ಡಾಕ್ಟರ್ ಬಿಟ್ಟು ಯಾರೂ ಈ ಪ್ರಶ್ನೆ ಕೇಳಿಲ್ಲ ಮೇಡಂ" ಎಂದು ಚೈತ್ರಾ ನಕ್ಕಳು. ಕೇಳಬೇಕಾದ ಪ್ರಶ್ನೆಯೇ ಅದು. ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ. ಅಲ್ಲಿಯವರೆಗೆ ಪಕ್ಕಕ್ಕೆ ಮಗ್ಗುಲು ಮಾಡಿ, ತಲೆಯ ಕೆಳಗೆ ಮೆತ್ತನೆಯದು ಏನಾದರೂ ಇಟ್ಟು, ಬಾಯಿಗೆ ಏನನ್ನೂ ತುರುಕದೆ ಜೊತೆಗೆ ಇರಬೇಕು. ಇದನ್ನು ಹೇಳುವಾಗ ತಾಯಿ ಮೆಲ್ಲಗೆ ತಮ್ಮ ಬ್ಯಾಗಿಗೆ ಕೈ ಹಾಕಿ, ಒಂದು ಕಬ್ಬಿಣದ ಕೀ ಗೊಂಚಲು ತೆಗೆದು ತೋರಿಸಿದರು. 15 ವರ್ಷದಿಂದ ಹೊತ್ತುಕೊಂಡು ತಿರುಗುತ್ತಿದ್ದರಂತೆ, ಮಗಳ ಕೈಯಲ್ಲಿ ಇಡಲು. "ಇದು ಬೇಡ್ವಾ ಹಾಗಾದ್ರೆ?" ಎಂದರು. ಬೇಡ ಎಂದೆ. ಅವರು ಅದನ್ನು ಮತ್ತೆ ಬ್ಯಾಗಿಗೇ ಹಾಕಿಕೊಂಡರು.

ಆಮೇಲೆ ಬಂದ ಮೊದಲ ಹುಡುಗನಿಗೆ ಚೈತ್ರಾ ಹೇಳಿದಳು. ಮರುದಿನ ಬ್ರೋಕರ್ ಫೋನ್ ಮಾಡಿ ಜಾತಕ ಕೂಡಿಬಂದಿಲ್ಲ ಎಂದ. ಎರಡನೆಯವನು ಡಾಕ್ಟರ ಹೆಸರು ಕೇಳಿಕೊಂಡಿದ್ದಾನೆ. ಇನ್ನೂ ಏನೂ ಹೇಳಿಲ್ಲ. ತಾಯಿ ನನ್ನ ಜೊತೆ ಮಾತಾಡುತ್ತಾರೆ, ಮೊದಲಿನಷ್ಟಿಲ್ಲ.

ಕಥೆ ಮುಂದುವರಿದಿದೆ. ಹೋದ ವಾರ ಬಂದಾಗ ಅವಳಿಗೆ ಒಂದು ತೊಡಕು ಎದುರಾಗಿತ್ತು.

"ರಾಕ್ಷಸನಿಗೆ ಮಾತ್ರೆ ಎಲ್ಲಿಂದ ತರಿಸೋದು ಮೇಡಂ? ಆ ಲೋಕದಲ್ಲಿ ಮೆಡಿಕಲ್ ಶಾಪ್ ಇಲ್ಲ."

ದೋಣಿ ಇದೆಯಲ್ಲ ಎಂದೆ.